ಮಾರ್ಪಾಡು ಮಾಡಿದ ಸೆಕೆಂಡ್ ಹ್ಯಾಂಡ್ ಏರ್ ಪಿಸ್ತೂಲು: 1,10,000 ಕೇಳುತ್ತಿದ್ದಾರೆ, ಬಾಳುತ್ತದೆಯೇ?

ಗುರಿಕಾರ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಒಬ್ಬರು 10 ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲು ಮಾರುತ್ತಿದ್ದಾರೆ. ಸ್ಟೈರ್ ಎಲ್‌ಪಿ 10 ಅನ್ನುತ್ತಾರೆ, ಕೇಳುತ್ತಿರುವುದು 1,10,000 ರೂಪಾಯಿ. ಬಳಸುವವಳು 17 ವರ್ಷದ ಹುಡುಗಿ, ಬಲಗೈ, ಅಂಗೈ ಚಿಕ್ಕದು. ಜಿಲ್ಲಾ ಮಟ್ಟ ದಾಟಿ ರಾಜ್ಯ ಮಟ್ಟಕ್ಕೆ ಹೋಗಬೇಕು, ಹಾಗಾಗಿ ಇಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ (ಪಂದ್ಯಕ್ಕೆ ಮೊದಲು ಪಿಸ್ತೂಲು ಪರೀಕ್ಷಿಸುವ ಕಡೆ) ವಾಪಸ್ ಕಳಿಸುವಂಥದ್ದು ಬೇಡ.

ಕಣ್ಣಿಗೆ ಕಂಡಿದ್ದು ಇಷ್ಟು. ಮೂಲ ಗ್ರಿಪ್ ಇಲ್ಲ. ಬದಲಿಗೆ ಆಕ್ರೋಟ್ ಮರದ ದೊಡ್ಡ ಗ್ರಿಪ್, ಅದರ ಮೇಲೆ ಎರಡು ಕಡೆ ಪುಟ್ಟಿ ಮೆತ್ತಿದ್ದಾರೆ. ಬ್ಯಾರಲ್ ಕೆಳಗೆ ಲೇತ್‌ನಲ್ಲಿ ಮಾಡಿಸಿದ ಹಿತ್ತಾಳೆಯ ಎರಡು ತೂಕ. ಮುಂದಿನ ಸೈಟ್ (ಗುರಿ ಹಿಡಿಯುವ ಮೊಳೆ) ಕಿತ್ತು ಕೆಂಪು ಫೈಬರ್ ಆಪ್ಟಿಕ್ ಸೈಟ್ ಕೂರಿಸಿದ್ದಾರೆ. ಟ್ರಿಗರ್ ತುಂಬಾ ಹಗುರ, 'ಮುಟ್ಟಿದರೆ ಸಾಕು' ಅನ್ನುವುದೇ ಮಾರುವವರ ಹೆಮ್ಮೆ. ಫ್ರೇಮಿಗೆ ಮತ್ತೆ ಕಪ್ಪು ಬಣ್ಣ ಹೊಡೆಸಿದ್ದಾರೆ, ಸೀರಿಯಲ್ ನಂಬರ್ ಮಸುಕಾಗಿ ಓದಲು ಬರುತ್ತದೆ. ಗಾಳಿ ತುಂಬುವ ಸಿಲಿಂಡರ್ ಎರಡು, ಒಂದರ ಮೇಲೆ 2011, ಇನ್ನೊಂದರ ಮೇಲೆ 06/2019 ಎಂದು ಕೊರೆದಿದೆ. ಪೆಟ್ಟಿಗೆಯೂ ಇಲ್ಲ, ಗಾಳಿ ತುಂಬುವ ಅಡಾಪ್ಟರೂ ಇಲ್ಲ.

ಇದು ನಿಜಕ್ಕೂ ಎಲ್‌ಪಿ 10 ಹೌದೋ ಅಲ್ಲವೋ ಹೇಗೆ ಗುರುತಿಸುವುದು? ಈ ಮಾರ್ಪಾಡುಗಳಿಂದ ಬೆಲೆ ಏರುತ್ತದೆಯೋ ಇಳಿಯುತ್ತದೆಯೋ? ದುಡ್ಡು ಕೊಡುವ ಮೊದಲು ಏನೇನು ಅಳೆದು ನೋಡಬೇಕು?

ಕೃಷ್ಣಾತೀರ_ರಾಯಚೂರು

ಮೊದಲು ಗುರುತಿನ ಮಾತು. ಹೊರಗಿನ ಅಲಂಕಾರ ಎಲ್ಲ ಪಕ್ಕಕ್ಕಿಡ್ರಿ. ನೋಡಬೇಕಾದ್ದು ಫ್ರೇಮಿನ ಮೇಲಿನ ಕೊರೆದ ಅಕ್ಷರ, ಬ್ರೀಚ್ (ಬ್ಯಾರಲ್ ಹಿಂದೆ ಪೆಲೆಟ್, ಅಂದ್ರೆ ಸೀಸದ ಸಣ್ಣ ಗುಂಡು, ಹಾಕುವ ಜಾಗ), ಆಮೇಲೆ ಸಿಲಿಂಡರ್.

ಸ್ಟೈರ್ ಪಿಸ್ತೂಲು ಆಸ್ಟ್ರಿಯಾದ್ದು. ಹಳೇವುಗಳ ಮೇಲೆ ಸ್ಟೈರ್ ಮನ್ಲಿಚರ್ ಅಂತ ಇರ್ತದೆ, ಸ್ಪೋರ್ಟ್ ಪಿಸ್ತೂಲಿನ ವಿಭಾಗ ಬೇರೆ ಕಂಪನಿ ಆದ ಮೇಲಿನವುಗಳ ಮೇಲೆ ಸ್ಟೈರ್ ಸ್ಪೋರ್ಟ್ ಅಂತ. ಇದೊಂದೇ ನೋಡಿದರೂ ಹಳೇದೋ ಈಚೆಯದೋ ಅಂದಾಜು ಸಿಗ್ತದೆ. ನಿಖರ ವರ್ಷ ಬೇಕಂದ್ರೆ ಸೀರಿಯಲ್ ನಂಬರಿನ ಫೋಟೋ ತೆಗೆದು ತಯಾರಕರಿಗೋ ಇಲ್ಲಿನ ಡೀಲರಿಗೋ ಕಳಿಸಿ ಕೇಳ್ರಿ.

ಮಾದರಿಗಳ ನಡುವೆ ಗೊಂದಲ ಆಗೋದು ಇಲ್ಲಿ. ಎಲ್‌ಪಿ 10 ಒಳಗೆ ಒಂದು ಸಣ್ಣ ಚಲಿಸುವ ತೂಕ ಇದೆ, ಸ್ಟೆಬಿಲೈಸರ್ ಅಂತಾರೆ. ಹೊಡೆತ ಬಿಟ್ಟಾಗ ಅದು ಸರಿದು ಮೂತಿಯ ಜಿಗಿತ ತಡೀತದೆ. ಎಲ್‌ಪಿ 2ರಲ್ಲಿ ಅದು ಇಲ್ಲ, ಅದಕ್ಕೇ ಅದರ ಬೆಲೆ ಕಡಿಮೆ. ಬಣ್ಣ ಹೊಡೆದು, ಗ್ರಿಪ್ ಬದಲಿಸಿ, ಸೈಟ್ ಬದಲಿಸಿದ ಮೇಲೆ ದೂರದಿಂದ ಎರಡೂ ಒಂದೇ ಥರ ಕಾಣ್ತಾವೆ. ನಿಮಗೆ ಬಣ್ಣದ ಕೆಳಗಿನ ಕೊರೆತ ಓದಲಿಕ್ಕೆ ಬರ್ತದೆ ಅಂದ್ರೆ ಟಾರ್ಚ್ ಓರೆಯಾಗಿ ಹಿಡಿದು ಓದ್ರಿ. ಅಕ್ಷರದ ಅಂಚು ಸಮನಾಗಿ, ಆಳ ಒಂದೇ ಸಮ ಇರಬೇಕು. ನಂಬರಿನ ಜಾಗದಲ್ಲಿ ಉಜ್ಜಿದ ತಗ್ಗು ಕಂಡರೆ ಅಲ್ಲಿಗೇ ಕೈ ಬಿಡ್ರಿ, ಬೆಲೆಯ ಮಾತೇ ಬ್ಯಾಡ. ಐದು ಹೊಡೆತದ ಎಲ್‌ಪಿ 50 ಅಂತಲೂ ಒಂದಿದೆ, ಅದಕ್ಕೆ ಮ್ಯಾಗಜೀನ್ ಕೂರುವ ಜಾಗ ಇರ್ತದೆ. ನೀವು ಹೇಳಿದ್ದರಲ್ಲಿ ಆ ಜಾಗ ಇದ್ದಂಗಿಲ್ಲ.

ಇನ್ನೊಂದು ಮುಖ್ಯ ಸಂಗತಿ. ಅದಕ್ಕೂ ಹಿಂದಿನ ಎಲ್‌ಪಿ 1 ಕಾರ್ಬನ್ ಡೈಆಕ್ಸೈಡ್‌ನಲ್ಲೂ ಬರ್ತಿತ್ತು, ಗಾಳಿಯಲ್ಲೂ ಬರ್ತಿತ್ತು. ಗಾಳಿಯದ್ದಕ್ಕೆ ಹೆಸರಿನ ಕೊನೆಗೆ 'ಪಿ' ಅಕ್ಷರ. ಆ ಒಂದು ಅಕ್ಷರಕ್ಕೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ. ಕಾರ್ಬನ್ ಡೈಆಕ್ಸೈಡ್ ಪಿಸ್ತೂಲು ನಮ್ಮ ಕಡೆ ಯಾಕೆ ಬ್ಯಾಡ ಅಂದ್ರೆ, ಆ ಅನಿಲದ ಒತ್ತಡ ಉಷ್ಣಾಂಶದ ಮೇಲೆ ನಿಂತಿದೆ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇದ್ದದ್ದು, 31 ಡಿಗ್ರಿ ಹತ್ತಿರ 74 ಬಾರ್ ಆಗ್ತದೆ. ಅದರ ಮೇಲೆ ದ್ರವ ಅನ್ನೋದೇ ಒಳಗೆ ಉಳಿಯೋದಿಲ್ಲ. ರಾಯಚೂರು, ಬಳ್ಳಾರಿಯಲ್ಲಿ ವರ್ಷದ ಬಹುಪಾಲು ಮಧ್ಯಾಹ್ನ 31 ದಾಟೇ ಇರ್ತದೆ. ಬೆಳಿಗ್ಗೆ ಹೊಂದಿಸಿದ ಸೈಟ್ ಮಧ್ಯಾಹ್ನಕ್ಕೆ ಮೇಲೆ ಹೊಡೀತದೆ. ಮೇಲಾಗಿ ಆ ಸಿಲಿಂಡರಿಗೆ 200 ಬಾರ್ ಗಾಳಿ ತುಂಬಿದರೆ ಜೀವಕ್ಕೇ ಅಪಾಯ. ನಿಮ್ಮದರ ಸಿಲಿಂಡರ್ ಮೇಲೆ 200 ಬಾರ್ ಅಂತ ಕೊರೆದಿರಬೇಕು, ತುದಿಯಲ್ಲಿ ಪ್ರೆಶರ್ ಗೇಜ್ ಇರಬೇಕು. ಎರಡೂ ಇದ್ದರೆ ಅದು ಗಾಳಿಯದ್ದು.

ಐದು ಕೋನದ ಚೌಕಟ್ಟಿನ ಒಳಗೆ 'ಎಫ್' ಅಕ್ಷರ ಇದ್ದರೆ ಜರ್ಮನಿಯ ಮಾರುಕಟ್ಟೆಗೆ ಹೋದ ಪಿಸ್ತೂಲು ಅಂತ ಅರ್ಥ, ಶಕ್ತಿ 7.5 ಜೂಲ್ ಒಳಗೆ ಅನ್ನೋ ಗುರುತು. ಇಲ್ಲದಿದ್ದರೆ ಅದೇನೂ ದೋಷ ಅಲ್ಲ.

ಕೋಟೆಕೊಪ್ಪಳ

ಮಾರ್ಪಾಡುಗಳ ಬಗ್ಗೆ ನಾನು ಹೇಳುತ್ತೇನೆ. ಪಂದ್ಯದ ಪಿಸ್ತೂಲಿನಲ್ಲಿ ಹೊರಗಿನಿಂದ ಸೇರಿಸಿದ ಯಾವುದೂ ಬೆಲೆ ಏರಿಸುವುದಿಲ್ಲ. ಬಿಚ್ಚಿದರೆ ಪಿಸ್ತೂಲು ಮೊದಲಿನಂತಾಗುವ ಮಾರ್ಪಾಡಾದರೆ ಬೆಲೆ ಇದ್ದಲ್ಲೇ ಇರುತ್ತದೆ. ಉಳಿದದ್ದೆಲ್ಲ ಇಳಿಸುತ್ತದೆ. ಮಾರುವವರು 'ಇದಕ್ಕೆ ಇಷ್ಟು ಖರ್ಚು ಮಾಡಿದ್ದೇನೆ' ಎಂದು ಹೇಳುವುದು ಅವರ ಖರ್ಚು, ನಿಮ್ಮದಲ್ಲ.

ಫೈಬರ್ ಆಪ್ಟಿಕ್ ಸೈಟ್ ನೇರವಾಗಿ ನಿಯಮಕ್ಕೆ ವಿರುದ್ಧ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಪಂದ್ಯಗಳಲ್ಲಿ ತೆರೆದ ಸೈಟ್ ಮಾತ್ರ. ಫೈಬರ್ ಆಪ್ಟಿಕ್, ಬೆಳಕು ಪ್ರತಿಫಲಿಸುವ ಬಣ್ಣದ ಭಾಗ, ಲೆನ್ಸ್, ಲೇಸರ್ ಯಾವುದೂ ಸಲ್ಲದು. ಮೂಲ ಮುಂದಿನ ಸೈಟ್ ಕೇಳಿ ಪಡೆಯಿರಿ, ಇಲ್ಲವಾದರೆ ಹೊಸದರ ಬೆಲೆ ಕಳೆಯಿರಿ. ಸೈಟ್ ಕಿತ್ತ ಜಾಗದಲ್ಲಿ ಸ್ಕ್ರೂ ಥ್ರೆಡ್ ಹಾಳಾಗಿದೆಯೇ ನೋಡಿ. ಕೆಲವರು ಅಂಟು ಹಾಕಿ ಕೂರಿಸಿರುತ್ತಾರೆ, ಆಗ ಬೆಲೆ ಇನ್ನೂ ಇಳಿಯುತ್ತದೆ.

ಟ್ರಿಗರ್ ಹಗುರ ಇರುವುದು ಗುಣವಲ್ಲ. 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ ಇರಲೇಬೇಕು. ಪರೀಕ್ಷೆಯ ವಿಧಾನ ಹೀಗೆ. ಪೆಲೆಟ್ ಹಾಕಬೇಡಿ, ಆದರೆ ಗಾಳಿಯ ಒತ್ತಡ ಇರಲಿ, ಡ್ರೈ ಫೈರ್ (ಗಾಳಿ ಬಿಡದೆ ಟ್ರಿಗರ್ ಮಾತ್ರ ಒತ್ತುವ) ಸ್ಥಾನದಲ್ಲಿಟ್ಟು ಅಳೆದ ಲೆಕ್ಕ ಒಪ್ಪುವುದಿಲ್ಲ. ಬ್ಯಾರಲ್ ನೆಟ್ಟಗೆ ಮೇಲಕ್ಕಿರಲಿ, ಯಾರೂ ಮೇಲೆ ಬಾಗಿ ನೋಡಬಾರದು. 500 ಗ್ರಾಂ ತೂಕವೊಂದನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಅದರ ಕೊಕ್ಕೆಯನ್ನು ಟ್ರಿಗರಿನ ಮಧ್ಯಕ್ಕೆ ತೂಗಿಹಾಕಿ, ಪಿಸ್ತೂಲನ್ನು ನಿಧಾನಕ್ಕೆ ಎತ್ತಿ. ತೂಕ ಮೇಜಿನಿಂದ ಪೂರ್ತಿ ಏಳಬೇಕು, ಟ್ರಿಗರ್ ಬಿಡಬಾರದು. ಪಂದ್ಯದಲ್ಲಿ ಮೂರು ಪ್ರಯತ್ನ ಕೊಡುತ್ತಾರೆ. ಮನೆಯಲ್ಲಿ ಹೊಂದಿಸುವಾಗ 510ರ ಆಸುಪಾಸಿಗೆ ಇಟ್ಟರೆ ಬಿಸಿಲು, ಧೂಳಿಗೆ ಸ್ವಲ್ಪ ಏರುಪೇರಾದರೂ ತೊಂದರೆಯಾಗದು.

ಈಗ ನಿಜವಾದ ಪ್ರಶ್ನೆ, ಹಗುರ ಮಾಡಿದ್ದು ಹೇಗೆ? ಹೊಂದಾಣಿಕೆಯ ಸ್ಕ್ರೂ ತಿರುಗಿಸಿ ಮಾಡಿದ್ದರೆ ಹಾಗೇ ವಾಪಸ್ ತಿರುಗಿಸಬಹುದು, ಒಂದು ರೂಪಾಯಿಯೂ ನಷ್ಟವಿಲ್ಲ. ಸಿಯರ್ (ಟ್ರಿಗರ್ ಒತ್ತುವವರೆಗೆ ಹೊಡೆತವನ್ನು ತಡೆಹಿಡಿಯುವ ಒಳಗಿನ ಕೊಕ್ಕೆ) ಉಜ್ಜಿ ಅಥವಾ ಸ್ಪ್ರಿಂಗ್ ಕತ್ತರಿಸಿ ಮಾಡಿದ್ದರೆ ಆ ಟ್ರಿಗರ್ ಘಟಕವೇ ಹೋಯಿತು. ಗೊತ್ತುಮಾಡಿಕೊಳ್ಳಲು ತೂಕದ ಸ್ಕ್ರೂವನ್ನು ಒಳಕ್ಕೆ ತಿರುಗಿಸುತ್ತ ಹೋಗಿ. 500 ಬಂದರೆ ಸ್ಪ್ರಿಂಗ್ ಸರಿ ಇದೆ. ಸ್ಕ್ರೂ ಕೊನೆ ಮುಟ್ಟಿದರೂ 500 ಬಾರದಿದ್ದರೆ ಕತ್ತರಿಸಿದ್ದಾರೆ ಎಂದು ತಿಳಿಯಿರಿ. ಆಮೇಲೆ ಪೆಲೆಟ್ ಇಲ್ಲದೆ ಕಾಕ್ ಮಾಡಿ, ಮೂತಿಯನ್ನು ಪೆಲೆಟ್ ಟ್ರ್ಯಾಪಿನ (ಹೊಡೆದ ಪೆಲೆಟ್ ಹಿಡಿಯುವ ಪೆಟ್ಟಿಗೆ) ಕಡೆಗಿಟ್ಟು, ರಬ್ಬರ್ ಸುತ್ತಿಗೆಯಿಂದ ಗ್ರಿಪ್ಪಿನ ತಳಕ್ಕೆ ಮೆಲ್ಲಗೆ ತಟ್ಟಿ. ಹತ್ತು ಸಲ ತಟ್ಟಿದಾಗ ಒಂದು ಸಲವೂ ತಾನಾಗಿ ಬಿಡಬಾರದು. ಒಂದೇ ಸಲ ಬಿಟ್ಟರೂ ಆ ಪಿಸ್ತೂಲು 17 ವರ್ಷದ ಹುಡುಗಿಯ ಕೈಗೆ ಕೊಡುವಂಥದ್ದಲ್ಲ. ಸ್ಕ್ರೂ ತಲೆಗಳನ್ನೂ ಭೂತಗನ್ನಡಿಯಲ್ಲಿ ನೋಡಿ. ಅಲೆನ್ ಕೀ ಜಾರಿ ಅಂಚು ದುಂಡಗಾಗಿದ್ದರೆ ಒಳಗೆ ಯಾರೋ ಅಳತೆ ತಪ್ಪಿದ ಕೀ ಹಾಕಿ ತಿರುವಿದ್ದಾರೆ.

ಗ್ರಿಪ್ಪಿಗೆ ಬನ್ನಿ. ಪಿಸ್ತೂಲು ಒಟ್ಟಾರೆ 420 x 200 x 50 ಮಿ.ಮೀ. ಒಳಅಳತೆಯ ಪೆಟ್ಟಿಗೆಯಲ್ಲಿ ಹಿಡಿಸಬೇಕು. ಉದ್ದ, ಎತ್ತರದಲ್ಲಿ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ, ಸಿಕ್ಕಿಬೀಳುವುದು 50 ಮಿ.ಮೀ. ಅಗಲದಲ್ಲಿ. ಪುಟ್ಟಿ ಮೆತ್ತಿದ ದೊಡ್ಡ ಗ್ರಿಪ್ಪುಗಳು ಅಲ್ಲೇ ಎರಡು-ಮೂರು ಮಿ.ಮೀ. ಮೀರುತ್ತವೆ. ಅಂಗೈ ಕೂರುವ ಕೆಳಗಿನ ಹಲಗೆ ಗ್ರಿಪ್ಪಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿರಬಾರದು, ಅದರ ಅಂಚು ಮೇಲಕ್ಕೆ ಬಾಗಿ ಕೈಯನ್ನು ಹಿಡಿದುಕೊಳ್ಳುವಂತಿರಬಾರದು. ಹೆಬ್ಬೆರಳು ಮೇಲಕ್ಕೆ ಸಲೀಸಾಗಿ ಆಡಬೇಕು. ಗ್ರಿಪ್ಪಿನ ಯಾವ ಭಾಗವೂ ಕೈಯನ್ನು ಸುತ್ತುವರಿಯಬಾರದು, ಅಂಟಂಟಾದ ಲೇಪನವೂ ಸಲ್ಲದು. ಇನ್ನು ಬೇರೆಯವರ ಕೈಗೆ ಕೆತ್ತಿದ ಗ್ರಿಪ್, ಅದು ರಿಂಕ್‌ನಂಥ ಒಳ್ಳೆಯ ತಯಾರಕರದ್ದೇ ಆಗಿದ್ದರೂ, ಈ ಹುಡುಗಿಗೆ ಬೆಲೆ ಇಲ್ಲದ್ದು. ಚಿಕ್ಕ ಕೈಗೆ ಎಸ್ ಅಳತೆಯ ಗ್ರಿಪ್ ಬೇಕು. ದೊಡ್ಡ ಗ್ರಿಪ್ಪಿನಲ್ಲಿ ಬೆರಳಿನ ತುದಿ ಟ್ರಿಗರಿಗೆ ನೇರ ಹಿಂದಕ್ಕೆ ಎಟುಕದೆ, ಓರೆಯಾಗಿ ಒತ್ತಿ ಹೊಡೆತ ಪಕ್ಕಕ್ಕೆ ಹೋಗುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೂ ಆ ದೋಷ ಹೋಗದು, ಏಕೆಂದರೆ ಅದು ಹುಡುಗಿಯ ದೋಷವಲ್ಲ, ಮರದ್ದು.

ಹಿತ್ತಾಳೆ ತೂಕಕ್ಕೆ ಅಭ್ಯಂತರವಿಲ್ಲ, ಒಟ್ಟು 1,500 ಗ್ರಾಂ ಮೀರದಿದ್ದರೆ ಸಾಕು. ಆದರೆ ಚಿಕ್ಕವರಿಗೆ ಮೂತಿಯ ಕಡೆ ಭಾರ ಹೆಚ್ಚಾದರೆ ಅರುವತ್ತು ಹೊಡೆತದ ಪಂದ್ಯದ ಕೊನೆಯ ಇಪ್ಪತ್ತರಲ್ಲಿ ಭುಜ ಸೋಲುತ್ತದೆ. ತೆಗೆದಿಡಿ.

ಅದಿರುನಾಡು

ಎಲ್ಲರೂ ಹೊರಗಿಂದು ಹೇಳಿದರು, ಒಳಗಿಂದು ನಾನು ಹೇಳ್ತೀನಿ. ದುಡ್ಡು ಹೋಗೋದೂ ಅಲ್ಲೇ, ಉಳಿಯೋದೂ ಅಲ್ಲೇ.

ಸಿಲಿಂಡರ್ ತಾರೀಖು ಮೊದಲು. 2011ರದ್ದು ಲೆಕ್ಕಕ್ಕೇ ಇಲ್ಲ. ಅದನ್ನ ಖಾಲಿ ಮಾಡಿಸಿ, ವಾಲ್ವ್ ಕಿತ್ತು ಮೂಲೆಗೆ ಹಾಕ್ರಿ, ಮತ್ತೆ ಯಾರೂ ತುಂಬಬಾರದು. ತಯಾರಾದ ದಿನದಿಂದ 10 ವರ್ಷ ಅನ್ನೋದು ಸಾಮಾನ್ಯ ಲೆಕ್ಕ, ಅವಧಿ ಮುಗಿದಿಲ್ಲ ಅಂತ ನೋಡಿಕೊಳ್ಳೋ ಜವಾಬ್ದಾರಿ ಶೂಟರ್‌ದೇ. 06/2019ರದ್ದು ಜೂನ್ 2029ರವರೆಗೆ ನಡೀತದೆ. ಅಂದ್ರೆ 'ಎರಡು ಸಿಲಿಂಡರ್ ಕೊಡ್ತೀನಿ' ಅನ್ನೋ ಮಾತು ಅರ್ಧ ಆಯುಷ್ಯವಾದರೂ ಮುಗಿದ ಒಂದೇ ಸಿಲಿಂಡರ್‌ಗೆ ಬಂತು.

ಸೋರಿಕೆ ಪರೀಕ್ಷೆ ಹಿಂಗೆ ಮಾಡ್ರಿ. ಸಿಲಿಂಡರ್ ತುಂಬಿ, ಪಿಸ್ತೂಲಿನಿಂದ ಬಿಚ್ಚಿ, ನೆರಳಿನಲ್ಲಿ ಒಂದು ದಿನ ಇಡ್ರಿ. ಗೇಜ್ ಬರೆದುಕೊಳ್ರಿ. ಆಮೇಲೆ ಪಿಸ್ತೂಲಿಗೆ ಹಾಕಿ ಇನ್ನೊಂದು ದಿನ ಇಡ್ರಿ, ಮತ್ತೆ ಬರೆದುಕೊಳ್ರಿ. ಬಿಚ್ಚಿಟ್ಟಾಗಲೇ ಇಳಿದರೆ ಸಿಲಿಂಡರಿನ ವಾಲ್ವ್ ಹೋಗಿದೆ. ಹಾಕಿಟ್ಟಾಗ ಮಾತ್ರ ಇಳಿದರೆ ಪಿಸ್ತೂಲಿನ ಒಳಗಿನ ಒ-ರಿಂಗ್ (ಗಾಳಿ ಸೋರದಂತೆ ತಡೆಯೋ ರಬ್ಬರ್ ಬಳೆ) ಹೋಗಿದೆ. ಎರಡಕ್ಕೂ ರಿಪೇರಿ ಬೇರೆ, ಖರ್ಚು ಬೇರೆ.

ಇಲ್ಲಿ ಒಂದು ಎಚ್ಚರ. ಗೇಜ್ ನೋಡುವಾಗ ಎರಡೂ ಸಲ ಒಂದೇ ಹೊತ್ತಿನಲ್ಲಿ ನೋಡ್ರಿ. ಮಧ್ಯಾಹ್ನ 40 ಡಿಗ್ರಿಯಲ್ಲಿ 200 ಬಾರ್ ತೋರಿಸಿದ ಸಿಲಿಂಡರ್ ಮರುದಿನ ಬೆಳಗಿನ 25 ಡಿಗ್ರಿಗೆ 190 ತೋರಿಸ್ತದೆ. ಒಂದು ಹನಿ ಗಾಳಿಯೂ ಸೋರಿಲ್ಲ, ತಣ್ಣಗಾದದ್ದು ಅಷ್ಟೇ. ತಿರುಗಿಸಿ ನೋಡಿದರೆ ಭಯದ ಸಂಗತಿ: 25 ಡಿಗ್ರಿಯಲ್ಲಿ 200ಕ್ಕೆ ತುಂಬಿದ ಸಿಲಿಂಡರ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿಗೆ ಹೋದರೆ ಒತ್ತಡ 223 ಬಾರ್ ದಾಟ್ತದೆ. ಬೇಸಿಗೆಯಲ್ಲಿ ಸಿಲಿಂಡರ್ ಕಾರಿನಲ್ಲಿ ಬಿಡಲೇಬಾರದು, 180ಕ್ಕಿಂತ ಮೇಲೆ ತುಂಬಲೂ ಬಾರದು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬಳ್ಳಾರಿ, ತೋರಣಗಲ್ಲು ಕಡೆ ಆಕ್ಸಿಜನ್ ಸಿಲಿಂಡರ್ ವೆಲ್ಡಿಂಗ್ ಅಂಗಡಿಗಳಲ್ಲಿ ಸುಲಭಕ್ಕೆ ಸಿಗ್ತಾವೆ. ಅದರಿಂದ ಏರ್ ಪಿಸ್ತೂಲಿಗೆ ಎಂದಿಗೂ ತುಂಬಬಾರದು. ಅತಿ ಒತ್ತಡದ ಆಕ್ಸಿಜನ್‌ಗೆ ಒಳಗಿನ ಗ್ರೀಸು ತಾಗಿದರೆ ಸಾಕು, ಬೆಂಕಿ ಹತ್ತಿ ಸಿಲಿಂಡರ್ ಸಿಡೀತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್ ಆಸುಪಾಸು, ಅದು ಯಾವುದಕ್ಕೂ ಸಾಲದು. ಉಳಿದದ್ದು ಕೈ ಪಂಪು, ಇಲ್ಲಾ ಸ್ಕೂಬಾ ಗುಣಮಟ್ಟದ ಒಣ ಗಾಳಿಯ ದೊಡ್ಡ ಸಿಲಿಂಡರ್. ಎರಡಕ್ಕೂ ಅಡಾಪ್ಟರ್ ಬೇಕು, ಅದೂ ಅದೇ ಕಂಪನಿಯ ಥ್ರೆಡ್ಡಿನದ್ದೇ. ಲೇತ್‌ನಲ್ಲಿ ಅಂದಾಜಿಗೆ ಮಾಡಿಸಿದ ಅಡಾಪ್ಟರ್ ಬ್ಯಾಡ್ರಿ. ಕೈ ಪಂಪಿನಲ್ಲಿ ಹೊಡೆಯುವಾಗ ನಡುನಡುವೆ ನಿಲ್ಲಿಸಿ ಪಂಪ್ ತಣಿಸಿ, ತೇವ ಹೊರಬಿಡುವ ವಾಲ್ವ್ ತೆರೀರಿ. ಇಲ್ಲದಿದ್ದರೆ ಮಳೆಗಾಲದ ಗಾಳಿಯ ತೇವ ಸಿಲಿಂಡರಿನೊಳಗೆ ಕೂತು ತುಕ್ಕು ತಿಂತದೆ.

ರೆಗ್ಯುಲೇಟರ್ (ಸಿಲಿಂಡರಿನ ಒತ್ತಡ ಇಳಿಸಿ ಪ್ರತಿ ಹೊಡೆತಕ್ಕೂ ಒಂದೇ ಸಮ ಕೊಡುವ ಭಾಗ) ಪರೀಕ್ಷೆಗೆ ಕ್ರೋನೋಗ್ರಾಫ್, ಅಂದ್ರೆ ಪೆಲೆಟ್ಟಿನ ವೇಗ ಅಳೆಯೋ ಯಂತ್ರ, ಬೇಕೇ ಬೇಕು, ಯಾರ ಹತ್ತಿರನಾದರೂ ಎರವಲು ತಗೋರಿ. ಒಂದೇ ಡಬ್ಬಿಯ ಪೆಲೆಟ್ಟಿನಿಂದ ಹತ್ತು ಹೊಡೆತ. ಈ ಪಿಸ್ತೂಲಿನ ವೇಗ ಸೆಕೆಂಡಿಗೆ 150 ಮೀಟರ್ ಆಸುಪಾಸು. 0.53 ಗ್ರಾಂ ಪೆಲೆಟ್ಟಿಗೆ ಲೆಕ್ಕ ಹಾಕಿದರೆ ಸುಮಾರು 6 ಜೂಲ್. ಹತ್ತರಲ್ಲಿ ಗರಿಷ್ಠ, ಕನಿಷ್ಠದ ನಡುವೆ 3 ಮೀಟರ್ ಒಳಗಿದ್ದರೆ ಚಲೋ, 6 ದಾಟಿದರೆ ಸಂಶಯ. ಅದಕ್ಕಿಂತ ಮುಖ್ಯ ಎರಡನೇ ಭಾಗ. ಪಿಸ್ತೂಲನ್ನ ಹತ್ತು ನಿಮಿಷ ಸುಮ್ಮನೆ ಇಟ್ಟು, ಆಮೇಲೆ ಒಂದು ಹೊಡೆತ ಬಿಡ್ರಿ. ಮೊದಲ ಹೊಡೆತ ಮಾತ್ರ ಜಿಗಿದು, ಎರಡನೆಯದು ಮೊದಲಿನ ಮಟ್ಟಕ್ಕೆ ಇಳಿದರೆ ರೆಗ್ಯುಲೇಟರಿನ ಸೀಟ್ ಸವೆದು ಅತಿ ಒತ್ತಡ ನಿಧಾನಕ್ಕೆ ಈಚೆ ತೂರ್ತಾ ಇದೆ ಅಂತ. ಪಂದ್ಯದಲ್ಲಿ ಉಸಿರು ತಗೋಳ್ಳಿಕ್ಕೆ ಸ್ವಲ್ಪ ನಿಂತು ಹೊಡೆದ ಪ್ರತಿ ಸಲವೂ ಗುಂಡು ಮೇಲೆ ಹೋಗ್ತದೆ, ಹುಡುಗಿ ತನ್ನದೇ ತಪ್ಪು ಅಂದುಕೊಳ್ತಾಳೆ.

ಬ್ರೀಚ್ ಸೀಲ್ ನೋಡಲಿಕ್ಕೆ ತೆಳು ಟಿಶ್ಯೂ ಪಟ್ಟಿಯೊಂದನ್ನ ಪೆಲೆಟ್ ಹಾಕುವ ಜಾಗದ ಮೇಲೆ ಇಟ್ಟು ಟ್ರ್ಯಾಪಿಗೆ ಹೊಡೀರಿ. ಪಟ್ಟಿ ಹಾರಿದರೆ ಸೀಲ್ ಹೋಗಿದೆ. ಸಂಡೂರಿನ ಅದಿರು ಧೂಳು, ಶಕ್ತಿನಗರದ ಹಾರುಬೂದಿ ಎರಡೂ ನುಣ್ಣಗೆ ಇದ್ದು ಒ-ರಿಂಗಿನ ಕೆಳಗೆ ಕೂತು ಮರಳು ಕಾಗದದಂಗೆ ಉಜ್ಜುತ್ತಾವೆ. ಹಳೇ ಪಿಸ್ತೂಲಿನ ಬ್ರೀಚ್ ಸುತ್ತ ಕೆಂಪು ಗೆರೆ ಕಟ್ಟಿದ್ದರೆ ಅದೇ. ಸಿಲಿಕೋನ್ ಗ್ರೀಸ್ ಬಿಟ್ಟು ಬೇರೆ ಎಣ್ಣೆ ಮುಟ್ಟಿಸಬ್ಯಾಡ್ರಿ, ಬೈಕಿನ ಚೈನಿಗೆ ಹೊಡೆಯೋ ಸ್ಪ್ರೇ ಅಂತೂ ಬ್ಯಾಡವೇ ಬ್ಯಾಡ.

ಬ್ಯಾರಲ್ ಕೊನೆಗೆ. ಮೂತಿಯ ಅಂಚು ಗೀರು ಬಿದ್ದಿದೆಯಾ ಟಾರ್ಚ್ ಹಾಕಿ ನೋಡ್ರಿ, ಉಕ್ಕಿನ ಕಡ್ಡಿ ತೂರಿಸಿ ಸ್ವಚ್ಛ ಮಾಡಿದವರು ಅಲ್ಲೇ ಹಾಳು ಮಾಡಿರ್ತಾರೆ. ಗ್ರಿಪ್ ಬಿಚ್ಚಿ ಫ್ರೇಮನ್ನ ರಬ್ಬರ್ ಹಾಕಿದ ವೈಸಿನಲ್ಲಿ ಕೂರಿಸಿ, ಬ್ಯಾರಲ್ ಹಿಡಿಯಬ್ಯಾಡ್ರಿ, 10 ಮೀಟರಿಗೆ ಐದೈದರ ಮೂರು ಗುಂಪು ಹೊಡೀರಿ. ಹೊರಅಂಚಿನಿಂದ ಹೊರಅಂಚಿಗೆ 7ರಿಂದ 7.5 ಮಿ.ಮೀ. ಒಳಗಿದ್ದರೆ ಬ್ಯಾರಲ್ ಚೊಕ್ಕ. ಹತ್ತರ ವೃತ್ತ 11.5 ಮಿ.ಮೀ., ಒಳಹತ್ತು 5 ಮಿ.ಮೀ. ಇರೋದು ನೆನಪಿರಲಿ. 4.49 ಮತ್ತು 4.50 ತಲೆ ಅಳತೆಯ ಪೆಲೆಟ್ ಎರಡೂ ಹೊಡೆದು ನೋಡ್ರಿ.

ಗುರಿಕಾರ_ಬಳ್ಳಾರಿ

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ಅಳೆದ ಲೆಕ್ಕ ಇಲ್ಲಿದೆ. ಅಡಾಪ್ಟರ್ ಮತ್ತು ಪಂಪು ಎರವಲು.

ಕೊರೆದ ಅಕ್ಷರ ಎಲ್‌ಪಿ 10 ಎಂದೇ ಇದೆ, ಹೆಸರು ಸ್ಟೈರ್ ಸ್ಪೋರ್ಟ್. ನಂಬರಿನ ಜಾಗದಲ್ಲಿ ಉಜ್ಜಿದ ಗುರುತಿಲ್ಲ. ಟ್ರಿಗರ್ ಮೊದಲು 500 ಗ್ರಾಂ ಎತ್ತಲಿಲ್ಲ, ಸ್ಕ್ರೂ ಒಳಕ್ಕೆ ತಿರುಗಿಸಿದ ಮೇಲೆ ಮೂರು ಸಲವೂ ಎತ್ತಿತು. ರಬ್ಬರ್ ಸುತ್ತಿಗೆಗೆ ಹತ್ತರಲ್ಲಿ ಒಮ್ಮೆಯೂ ಬಿಡಲಿಲ್ಲ. ಗ್ರಿಪ್ಪಿನ ಅಗಲ 53 ಮಿ.ಮೀ. ಹಿತ್ತಾಳೆ ಸೇರಿ ಒಟ್ಟು ತೂಕ 1,190 ಗ್ರಾಂ.

2019ರ ಸಿಲಿಂಡರ್ ಬಿಚ್ಚಿಟ್ಟಾಗ 180 ಇದ್ದದ್ದು 180ರಲ್ಲೇ ಇತ್ತು. ಪಿಸ್ತೂಲಿಗೆ ಹಾಕಿಟ್ಟ ದಿನ ಅದೇ ಹೊತ್ತಿಗೆ 160ಕ್ಕೆ ಇಳಿಯಿತು. ಹತ್ತು ಹೊಡೆತ 146ರಿಂದ 148ರ ನಡುವೆ. ಹತ್ತು ನಿಮಿಷ ಬಿಟ್ಟ ಮೇಲಿನ ಮೊದಲ ಹೊಡೆತ 155, ಮುಂದಿನದು 148. ಟಿಶ್ಯೂ ಅಲುಗಾಡಲಿಲ್ಲ. ಗುಂಪು 6.8, 7.1, 7.0 ಮಿ.ಮೀ.

ಈಗ ಎಷ್ಟಕ್ಕೆ ಕೇಳಲಿ?

ಅದಿರುನಾಡು

ಬ್ಯಾರಲ್ ಬಂಗಾರ, ಟ್ರಿಗರ್ ಸರಿ, ಬ್ರೀಚ್ ಸರಿ. ಎರಡೇ ದೋಷ: ಸಿಲಿಂಡರ್ ಕೂರುವ ಕಡೆಯ ಒ-ರಿಂಗ್, ಮತ್ತೆ ರೆಗ್ಯುಲೇಟರ್ ಸೀಟ್. 155ಕ್ಕೆ ಜಿಗಿದದ್ದು ಅದೇ. ಎರಡೂ ಸವೆಯುವ ಭಾಗಗಳೇ, ಸೀಲ್ ಕಿಟ್ ಹಾಕಿ ಸರ್ವೀಸ್ ಮಾಡಿಸಿದರೆ ಹೋಗ್ತಾವೆ. ಮನೆಯಲ್ಲಿ ರೆಗ್ಯುಲೇಟರ್ ಬಿಚ್ಚೋದು ಬ್ಯಾಡ, ಒಳಗಿನ ವಾಷರುಗಳ ಸಾಲು ತಿರುಗುಮುರುಗು ಆದರೆ ಕೆಲಸದ ಒತ್ತಡವೇ ಬದಲಾಗ್ತದೆ. ಕೈ ಪಳಗಿದವರಿಗೆ ಕೊಡ್ರಿ, ಮಾಡಿದ ಮೇಲೆ ಕ್ರೋನೋ ಚೀಟಿ ಕೇಳ್ರಿ.

ಕೋಟೆಕೊಪ್ಪಳ

ಲೆಕ್ಕ ಹೀಗೆ ಹಾಕಿ. ಅಂಕಿಗಳನ್ನು ಲೆಕ್ಕದ ಅನುಕೂಲಕ್ಕೆ ಹಿಡಿದಿದ್ದೇನೆ, ನೀವು ಈ ವಾರದ ಡೀಲರ್ ದರ ಹಾಕಿಕೊಳ್ಳಿ, ಯುರೋ ಏರಿಳಿದಂತೆ ಅದು ಬದಲಾಗುತ್ತದೆ.

ಇದೇ ದರ್ಜೆಯ ಹೊಸ ಪಿಸ್ತೂಲು 2,00,000 ಎಂದಿಟ್ಟುಕೊಳ್ಳಿ. ಎಲ್‌ಪಿ 10 ಹಳೆಯ ಮಾದರಿ, ಇವೊ 10 ಅದರ ಜಾಗಕ್ಕೆ ಬಂದಿದೆ. ಎಲ್ಲ ಸರಿ ಇದ್ದು, ಮೂಲ ಗ್ರಿಪ್, ಅಡಾಪ್ಟರ್, ಪೆಟ್ಟಿಗೆ, ಚಾಲ್ತಿಯ ಸಿಲಿಂಡರ್ ಇರುವ ಎಲ್‌ಪಿ 10ಕ್ಕೆ ಹೊಸದರ ನೂರಕ್ಕೆ 55 ನ್ಯಾಯವಾದ ಬೆಲೆ. ಅಂದರೆ 1,10,000. ಅವರು ಕೇಳುತ್ತಿರುವುದು ಕೊರತೆಯೇ ಇಲ್ಲದ ಪಿಸ್ತೂಲಿನ ಬೆಲೆ.

ಇದರಲ್ಲಿ ಹೊಸ ಸಿಲಿಂಡರ್ 20,000 ಎಂದಾದರೆ ಅರ್ಧ ಆಯುಷ್ಯ ಮುಗಿದಿದೆ ಎಂದು ಹಿಡಿದು 10,000 ಕಳೆಯಿರಿ. ಸೀಲ್ ಕಿಟ್, ರೆಗ್ಯುಲೇಟರ್ ಸರ್ವೀಸ್, ಕೊರಿಯರ್ ಸೇರಿ 8,000. ಎಸ್ ಅಳತೆಯ ಗ್ರಿಪ್ 15,000. ಮುಂದಿನ ಸೈಟ್ 3,000. ಅಡಾಪ್ಟರ್ 4,000. ಕಳೆಯುವುದು ಒಟ್ಟು 40,000, ಉಳಿಯುವುದು 70,000. ಮರುಬಣ್ಣಕ್ಕೆ ಬೇರೆ ಕಳೆಯಬೇಡಿ, ನಂಬರ್ ಚೊಕ್ಕವಾಗಿದ್ದರೆ ಅದು ಚಂದದ ಮಾತಷ್ಟೇ. ಹಿತ್ತಾಳೆ ತೂಕಕ್ಕೂ ಕೂಡಿಸಬೇಡಿ, ಕಳೆಯಲೂ ಬೇಡಿ. 65,000ಕ್ಕೆ ಮಾತು ಶುರು ಮಾಡಿ.

ಕೃಷ್ಣಾತೀರ_ರಾಯಚೂರು

ಕೊಪ್ಪಳದ ಸರ್ ಲೆಕ್ಕಕ್ಕೆ ಒಂದು ತಿದ್ದುಪಡಿ. ಗ್ರಿಪ್ಪಿಗೆ ಪೂರಾ 15,000 ಕಳೆಯೋದು ಜಾಸ್ತಿ ಆತು. ದೊಡ್ಡ ಆಕ್ರೋಟ್ ಗ್ರಿಪ್ಪಿನಲ್ಲಿ ತೆಗೆಯೋಕೆ ಮರ ಇದೆ, ಸೇರಿಸೋದು ಕಷ್ಟ, ತೆಗೆಯೋದು ಸುಲಭ. ಪುಟ್ಟಿ ಕಿತ್ತು, ಅಗಲ 53 ಇದ್ದದ್ದನ್ನ 49.5ಕ್ಕೆ ಇಳಿಸಿ, ಬೆರಳು ಕೂರುವ ತಗ್ಗಿನ ಹಿಂಭಾಗ ತೆಳ್ಳಗೆ ಮಾಡಿದರೆ ಟ್ರಿಗರ್ ಎಟುಕ್ತದೆ. ಪುಟ್ಟಿ ಕಿತ್ತ ಮೇಲೆ ಒಳಗೆ ಮರ ಸೀಳಿದೆಯಾ ನೋಡಿಯೇ ಈ ಮಾತು ಆಡ್ರಿ. ಸೀಳಿಲ್ಲ ಅಂದ್ರೆ ಗ್ರಿಪ್ಪಿಗೆ ಅರ್ಧ ಕಳೀರಿ, 77,500 ಆಗ್ತದೆ. ನಾನಾದರೆ 75,000ಕ್ಕೆ ಮುಗಿಸ್ತೀನಿ, ಆ ಬ್ಯಾರಲ್ ನೋಡಿದರೆ ಬಿಡೋದು ತಪ್ಪು. 80,000 ದಾಟಿದರೆ ಬ್ಯಾಡ.

ಕೋಟೆಕೊಪ್ಪಳ

ಬೆಳೆಯುವ ವಯಸ್ಸು ಮುಗಿದಿದ್ದರೆ ಕೆತ್ತಿಸಬಹುದು, 17ಕ್ಕೆ ಅಂಗೈ ಹೆಚ್ಚು ಬದಲಾಗದು. ಆ ಮಟ್ಟಿಗೆ ಒಪ್ಪುತ್ತೇನೆ. ಆದರೆ ಕೆತ್ತಲು ಬಡಗಿಯ ಬಳಿ ಬಿಡಬೇಡಿ. ಹುಡುಗಿ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಎತ್ತಿ, ಕಣ್ಣು ತೆರೆದಾಗ ಸೈಟ್ ಎಲ್ಲಿ ನಿಂತಿದೆ ನೋಡಬೇಕು. ಎಡಕ್ಕಿದ್ದರೆ, ಬಲಕ್ಕಿದ್ದರೆ ಅಷ್ಟಷ್ಟೇ ಅರದಿಂದ ಉಜ್ಜುತ್ತ ಹೋಗಬೇಕು.

ಗುರಿಕಾರ_ಬಳ್ಳಾರಿ

ಕಾಗದಪತ್ರದ ವಿಷಯ ಏನು? ಲೈಸೆನ್ಸ್ ಬೇಕೇ?

ಕೃಷ್ಣಾತೀರ_ರಾಯಚೂರು

4.5 ಮಿ.ಮೀ. ಬೋರು, 20 ಜೂಲ್ ಮೀರದ ಏರ್ ಪಿಸ್ತೂಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ನಿಮ್ಮದು 6 ಜೂಲ್ ಆಸುಪಾಸು. ಯಾರಾದರೂ 5.5 ಬ್ಯಾರಲ್ ಹಾಕಿದ್ದರೆ ಮಾತು ಬೇರೆ, ಅದು ಲೈಸೆನ್ಸಿನ ವ್ಯಾಪ್ತಿಗೆ ಬರ್ತದೆ. ಮೊದಲ ಖರೀದಿಯ ಬಿಲ್ಲು ಅಥವಾ ಆಮದಿನ ಕಾಗದ ಇದ್ದರೆ ಮೂಲ ಪ್ರತಿಯೇ ತಗೋರಿ. ರಸೀದಿಯಲ್ಲಿ ಮಾದರಿ, ಪಿಸ್ತೂಲಿನ ಸೀರಿಯಲ್ ನಂಬರ್, ಸಿಲಿಂಡರಿನ ನಂಬರ್ ಮತ್ತು 06/2019 ತಾರೀಖು, ಕೊಟ್ಟ ಮೊತ್ತ, ಇಬ್ಬರ ಸಹಿ, ಮಾರುವವರ ಗುರುತಿನ ಚೀಟಿಯ ಪ್ರತಿ. ಕ್ಲಬ್ಬಿನ ಆಸ್ತಿಯ ಪಟ್ಟಿಯಲ್ಲಿ ಆ ನಂಬರ್ ಇಲ್ಲ ಅಂತ ಜಿಲ್ಲೆಯ ಶೂಟಿಂಗ್ ಸಂಘದವರ ಹತ್ತಿರ ಒಂದು ಮಾತು ಕೇಳಿಕೊಂಡ ಮೇಲೆಯೇ ಅಡ್ವಾನ್ಸ್ ಕೊಡ್ರಿ. ಮೂಲ ಮುಂದಿನ ಸೈಟ್ ಅವರ ಮನೆಯ ಡಬ್ಬಿಯಲ್ಲೆಲ್ಲೋ ಇರ್ತದೆ, ಅದನ್ನೂ ಹುಡುಕಿಸ್ರಿ. ಸಿಕ್ಕರೆ ಆ 3,000 ಅವರಿಗೇ ಬಿಟ್ಟುಕೊಡ್ರಿ.